ಪರಂತು

"ಕೋಲು ಬಿಸಾಡು. ಕೈ ಹಾಕಿ ತೆಗಿ. ನಿಂದೇನು ಮದುಮಗಳ ಕೈಯಾ, ಬೋಸುಡಿ?"

ಮೇಸ್ತ್ರಿ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬೈಯುತ್ತಿದ್ದ. ಸದಸ್ಯರ ಪಾಯಿಖಾನೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದ ಕಡ್ಡಿ ತಲೆ ಎತ್ತಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಸೆರಗನ್ನು ಮೂಗಿನ ಮೇಲೆ ಬಿಗಿದುಕೊಂಡು, ತೋಳನ್ನು ಮೊಣಕೈತನಕ ಒಳಗೆ ಬಿಟ್ಟಳು. ಒದ್ದೆ ಕಾಗದದ ಉಂಡೆಯೊಂದು ಸಿಕ್ಕಿತು. ಎಳೆದು ಬಕೆಟ್ಟಿಗೆ ಹಾಕಿದಳು. ನೀರು ಗೊಳಗೊಳ ಎಂದು ಇನ್ನೇನು ಇಳಿದೇಬಿಟ್ಟಿತು ಅನ್ನುವಂತೆ ಮಾಡಿ, ಮತ್ತೆ ಮೇಲಕ್ಕೇ ಬಂತು. ಅದು ಇಳಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ಕಟ್ಟಿಕೊಂಡಿದ್ದು ಇಲ್ಲಲ್ಲ, ಒಳಂಗಳದ ದೊಡ್ಡ ಗುಂಡಿಯಲ್ಲಿ. ಆದರೂ ಯಾರೋ ಏನೋ ಮಾಡುತ್ತಿದ್ದಾರೆ ಅಂತ ಮೇಲಿನವರಿಗೆ ಕಾಣಬೇಕಿತ್ತು.

ಕಡ್ಡಿ ಎನ್ನುವುದು ಅವಳ ಹೆಸರಲ್ಲ. ಮೈಕಟ್ಟು ಹಾಗಿತ್ತು, ಮಾತೂ ಕಡ್ಡಿ ಮುರಿದ ಹಾಗೆ. ಯಾವುದಕ್ಕೆ ಆ ಹೆಸರು ಬಂತೋ ಕೇರಿಯಲ್ಲಿ ಯಾರಿಗೂ ನೆನಪಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಜೊತೆಗೆ ಈ ಸಭಾಭವನದ ಪಾಯಿಖಾನೆಗಳನ್ನು ತೊಳೆಯುತ್ತಿದ್ದಳು. ಗಂಡ ಊರಿನ ಒಳಚರಂಡಿ ಗುಂಡಿಗಳಿಗೆ ಇಳಿಯುವವನು. ಮೈದುನನೂ ಅದೇ ಕೆಲಸದವನಾಗಿದ್ದ. ಆ ಬೇಸಿಗೆಯಲ್ಲಿ ಪೇಟೆಯ ಗುಂಡಿಗೆ ಇಳಿದ ಮೈದುನ ಮೇಲೆ ಬರಲಿಲ್ಲ. ಅವನನ್ನು ಎತ್ತಿಕೊಂಡು ಬರುತ್ತೇನೆಂದು ಇಳಿದ ಕೇರಿಯ ಇನ್ನೊಬ್ಬನೂ ಬರಲಿಲ್ಲ. ಎರಡು ಹೆಣಗಳನ್ನೂ ತೊಳೆದು ಮಣ್ಣು ಮಾಡಿ ಬಂದ ದಿನವೇ ಗಂಡಸರೆಲ್ಲ ಹಗ್ಗ ಕೆಳಗಿಟ್ಟರು. ಇನ್ನು ಇಳಿಯುವುದಿಲ್ಲ, ಯಂತ್ರ ತನ್ನಿ ಎಂದರು. ಅಂದಿನಿಂದ ಊರು ಮೂಗು ಮುಚ್ಚಿಕೊಂಡು ಓಡಾಡುತ್ತಿತ್ತು.

ಸರ್ಕಾರ ಮೊದಲು ಹೊಗಳಿ ನೋಡಿತು, ಆಮೇಲೆ ಹೊಡೆದು ನೋಡಿತು. ಕೊನೆಗೆ ಕೋರ್ಟಿಗೆ ಹೋಯಿತು. ಕೋರ್ಟು ಸಂವಿಧಾನದ ಒಂಬತ್ತನೇ ವಿಧಿ ತೋರಿಸಿ, ಇವರನ್ನು ಬಲವಂತವಾಗಿ ಇಳಿಸುವ ಹಾಗಿಲ್ಲ ಎಂದಿತು. ಹಾಗಾದರೆ ಒಂಬತ್ತನೇ ವಿಧಿಯನ್ನೇ ತಿದ್ದೋಣ ಎಂದು ಸರ್ಕಾರ ಸಭೆ ಕರೆದಿತ್ತು.

ಒಂಬತ್ತನೇ ವಿಧಿ ಕಡ್ಡಿಗೆ ಹೊಸದಲ್ಲ. ಕೇರಿಯ ನಲ್ಲಿಯ ಹಿಂದಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು: ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ದುಡಿಸಿಕೊಳ್ಳತಕ್ಕದ್ದಲ್ಲ. ಬರೆಸಿದವನು ಮೆಂಬರು. ಅವನು ಕೇರಿಯಲ್ಲೇ ಹುಟ್ಟಿದವನು, ಅತ್ತೆಯ ಅಕ್ಕನ ಮಗ. ಕಡ್ಡಿಗೆ ಭಾವನಾಗಬೇಕು. ಮೀಸೆ ಮೂಡುವ ಮುಂಚೆಯೇ ಗುಂಡಿಗೆ ಇಳಿಯುತ್ತಿದ್ದವನು, ಸಂಜೆ ಶಾಲೆಗೆ ಹೋಗಿ ಓದಿ, ಸಂಘ ಕಟ್ಟಿ, ಚುನಾವಣೆ ಗೆದ್ದು ಈ ಸಭೆಯೊಳಗೆ ಕೂತಿದ್ದ. ಗೆದ್ದ ವರ್ಷ ನಲ್ಲಿಯ ಹತ್ತಿರ ಹೆಂಗಸರನ್ನು ಸೇರಿಸಿ ಸಂವಿಧಾನ ಅಂದರೆ ಏನು ಅಂತ ಹೇಳಿಕೊಟ್ಟಿದ್ದ. ಕಾನೂನುಗಳೆಲ್ಲ ಕೊಂಬೆ, ಇದು ಬೇರು. ಕೊಂಬೆಯನ್ನು ಇವತ್ತು ಬಂದವರು ನಾಳೆ ಕಡಿಯಬಹುದು. ಬೇರಿಗೆ ಕೊಡಲಿ ಹಾಕಬೇಕೆಂದರೆ ಇಡೀ ಸಭೆಯ ಮೂರು ಪಾಲಿನಲ್ಲಿ ಎರಡು ಪಾಲು ಜನ ಎದ್ದು ನಿಲ್ಲಬೇಕು. ಅದು ಸುಮ್ಮನೆ ಆಗುವ ಮಾತಲ್ಲ ಎಂದು ಅವನು ಕೈ ಬೀಸಿ ಹೇಳಿದಾಗ ಅತ್ತೆ ಕೇಳಿದ್ದಳು, "ಎದ್ದು ನಿಲ್ಲೋಕೇನು ಕಷ್ಟ ಮರಿ? ಅವರಿಗೇನು ಮಂಡಿನೋವಾ?" ಹೆಂಗಸರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ.

ಈಗ ಆ ಎರಡು ಪಾಲನ್ನು ಕೂಡಿಹಾಕಿದ್ದರು. ಲೆಕ್ಕ ಅಂಚಿನ ಮೇಲಿತ್ತಂತೆ. ನಾಲ್ಕು ಜನ ಅತ್ತ ಜಾರಿದರೆ ಕೆಲಸ ಕೆಟ್ಟಿತು. ಅದಕ್ಕೇ ಹಿಂದಿನ ದಿನ ಬೆಳಗ್ಗೆ ಸದಸ್ಯರೆಲ್ಲ ಒಳಗೆ ಬಂದ ಮೇಲೆ ಹೊರಬಾಗಿಲು ಹಾಕಿಬಿಟ್ಟರು. ಸಮಿತಿಯ ಕೋಣೆಗಳಲ್ಲಿ ಹಾಸಿಗೆ ಬಿದ್ದವು. ಆ ಹೊತ್ತಿಗೆ ಕೆಲಸಕ್ಕೆ ಬಂದಿದ್ದ ತೊಳೆಯುವ ಹೆಂಗಸರು ನಾಲ್ಕು ಜನ ಕುರ್ಚಿ ಮೇಜುಗಳ ಜೊತೆ ಒಳಗೇ ಉಳಿದರು. ಕಡ್ಡಿ ಕಾವಲಿನವನ ಹತ್ತಿರ ಹೋಗಿ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ಒಂದು ಸಲ ನೋಡಿಕೊಂಡು ಓಡಿ ಬರುತ್ತೇನೆ ಎಂದು ಅಂಗಲಾಚಿದಳು. ಅವನು ಬಂದೂಕನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿ ಗೋಡೆ ನೋಡುತ್ತ ನಿಂತ.

ನಾಲ್ವರಿಗೂ ಜಾಗ ಮೆಟ್ಟಿಲ ಕೆಳಗಿನ ಗೂಡು. ಪೊರಕೆ, ಫಿನಾಯಿಲ್ ಕ್ಯಾನು, ಒರೆಸುವ ಬಟ್ಟೆಗಳ ನಡುವೆ ಕಾಲು ಮಡಚಿ ಕೂತರೆ ಮುಗಿಯಿತು. ಅತ್ತೆ, ಕಡ್ಡಿ, ಫಿನಾಯಿಲ್ ಕುಡಿದವಳಂತೆ ಯಾವಾಗಲೂ ಕೆಮ್ಮುವ ಕೆಮ್ಮಿನಕ್ಕ, ಆ ವಾರವಷ್ಟೇ ಕೆಲಸಕ್ಕೆ ಸೇರಿದ ಹೊಸಬಳು. ಗೂಡಿನ ಗೋಡೆಯಲ್ಲಿ ಗಾಳಿಗಂಡಿಯೊಂದಿತ್ತು. ಅದರಿಂದ ರಸ್ತೆಯಲ್ಲಿ ನಡೆಯುವವರ ಕಾಲು ಮಾತ್ರ ಕಾಣುತ್ತಿತ್ತು. ಬೇಲಿಯ ಆಚೆ ಮುಷ್ಕರದವರ ಬರಿಗಾಲುಗಳು, ಈಚೆ ಪೊಲೀಸರ ಬೂಟುಗಳು. ಬೆಳಗ್ಗೆಯಿಂದ ಅತ್ತೆ ಆ ಗಂಡಿಗೆ ಮುಖ ಹಚ್ಚಿ ಕೂತಿದ್ದಳು. ಒಂದು ಹೊತ್ತಿನಲ್ಲಿ ಗದ್ದಲವಾಯಿತು. ಕಾಲುಗಳು ಚೆಲ್ಲಾಪಿಲ್ಲಿಯಾದವು. ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲದ ಕಾಲೊಂದನ್ನು ಬೂಟುಗಳು ಸುತ್ತುವರಿದು ನೆಲದಿಂದ ಎತ್ತಿಕೊಂಡು ಹೋದವು. "ನಮ್ಮವನೇ" ಎಂದಳು ಅತ್ತೆ. ಕಡ್ಡಿಯ ಗಂಡ. ಮಕ್ಕಳಿಬ್ಬರಲ್ಲಿ ಉಳಿದವನು ಅವನೊಬ್ಬನೇ.

ಸಭೆಯ ಮಾತುಗಳು ಮೊಗಸಾಲೆಯ ಧ್ವನಿವರ್ಧಕದಲ್ಲಿ ಕೇಳುತ್ತಿದ್ದವು. ಯಾರೋ ತಿದ್ದುಪಡಿಯನ್ನು ಓದುತ್ತಿದ್ದರು. ಒಂಬತ್ತನೇ ವಿಧಿ ಹಾಗೇ ಇರುತ್ತದಂತೆ, ಒಂದಕ್ಷರವನ್ನೂ ತೆಗೆಯುವುದಿಲ್ಲವಂತೆ. ಅದರ ಕೆಳಗೆ ಇಷ್ಟು ಸೇರಿಸುತ್ತಾರೆ: ಪರಂತು, ಸಾರ್ವಜನಿಕ ನೈರ್ಮಲ್ಯಕ್ಕೆ ಅಗತ್ಯವೆಂದು ಸರ್ಕಾರವು ಘೋಷಿಸಿದ ಕೆಲಸಗಳಿಗೆ ಈ ವಿಧಿಯು ಅನ್ವಯಿಸತಕ್ಕದ್ದಲ್ಲ.

"ಪರಂತು ಅಂದ್ರೆ ಯಾರೇ?" ಎಂದಳು ಅತ್ತೆ.

ಯಾರೂ ಅಲ್ಲ, 'ಆದರೆ' ಅನ್ನುವುದಕ್ಕೆ ಹಾಗೆನ್ನುತ್ತಾರೆ ಎಂದು ಹೊಸಬಳು ಹೇಳಿದಳು. ಅವಳು ಸ್ವಲ್ಪ ಓದಿದವಳು.

"ಆದರೆ ಅನ್ನೋಕೆ ಇಷ್ಟು ದೊಡ್ಡ ಮನೆ ಬೇಕಿತ್ತಾ? ನನ್ನ ಗಂಡ ದಿನಾ ಅಂತಿದ್ದ."

ಕೆಮ್ಮಿನಕ್ಕ ನಗಲು ಹೋಗಿ ಕೆಮ್ಮಿದಳು.

ನಡುಹಗಲಿಗೆ ಮುಂಚೆ ನೆಲಮಟ್ಟದ ಪಾಯಿಖಾನೆಗಳು ಒಟ್ಟಿಗೆ ಉಕ್ಕಿದವು. ಕಪ್ಪು ನೀರು ಹೊಸ್ತಿಲು ದಾಟಿ ಮೊಗಸಾಲೆಗೆ ಇಳಿದು, ಕೆಂಪು ಜಮಖಾನದ ಅಂಚು ನೆನೆಸಿತು. ವಾಸನೆ ಸಭೆಯೊಳಕ್ಕೂ ಹೋಗಿರಬೇಕು. ಮಾತನಾಡುತ್ತಿದ್ದವರು ನಡುವೆಯೇ ನಿಲ್ಲಿಸಿದರು, ಸಭಾಧ್ಯಕ್ಷರು ಸಭೆಯನ್ನು ಸ್ವಲ್ಪ ಹೊತ್ತು ಮುಂದೂಡಿದರು. ಮೇಸ್ತ್ರಿ ಓಡಿ ಬಂದು ನಾಲ್ವರನ್ನೂ ಒಳಂಗಳಕ್ಕೆ ಅಟ್ಟಿದ. ಅವನ ಹಿಂದೆ ಪ್ಯಾಂಟನ್ನು ಒಂದಿಷ್ಟು ಮೇಲೆತ್ತಿ ಹಿಡಿದುಕೊಂಡು ಸಭೆಯ ಕಾರ್ಯದರ್ಶಿಯೂ ಬಂದರು. ಅವರು ಯಾರಿಗೂ ಏಕವಚನ ಹಚ್ಚುವವರಲ್ಲ.

ಗುಂಡಿಯ ಕಬ್ಬಿಣದ ಮುಚ್ಚಳ ಆಗಲೇ ತೆಗೆದಿತ್ತು. ಬಾಯಿ ಕಿರಿದು, ಒಬ್ಬರು ಮೈ ಹಿಂಡಿಕೊಂಡು ಇಳಿಯುವಷ್ಟೇ. ಕಂಠದವರೆಗೆ ತುಂಬಿ ನಿಂತ ಕಪ್ಪುನೀರಿನ ಮೇಲೆ ದಪ್ಪನೆಯ ಕೆನೆ ಕಟ್ಟಿತ್ತು, ಅಲ್ಲಲ್ಲಿ ಗುಳ್ಳೆಯೇಳುತ್ತಿತ್ತು. ಕೆಳಗಿನ ಜಾಲರಿಯಲ್ಲಿ ಏನೋ ಸಿಕ್ಕಿಕೊಂಡಿದೆ, ಒಬ್ಬರು ಮುಳುಗಿ ಅದನ್ನು ಎಳೆದರೆ ಸಾಕು ಎಂದರು ಕಾರ್ಯದರ್ಶಿ. ಗುಂಡಿಗೆ ಇಳಿಯುವ ಗಂಡಸರು ಯಾರೂ ಒಳಗಿಲ್ಲ, ನೀವೇ ಸಹಾಯ ಮಾಡಬೇಕು. ನಿಮ್ಮಲ್ಲಿ ತೆಳ್ಳಗಿರುವವರು ಇಳಿದರೆ ಒಳ್ಳೆಯದು. ದೇಶದ ಕೆಲಸ ನಡೆಯುತ್ತಿರುವ ಹೊತ್ತು ಎಂದರು.

ಎಲ್ಲರೂ ಕಡ್ಡಿಯನ್ನು ನೋಡಿದರು.

"ನಾನು ಇಳಿಯಲ್ಲ" ಎಂದಳು.

ಮೇಸ್ತ್ರಿ ಕೈಯೆತ್ತಿಕೊಂಡು ಬಂದ. ನಿನ್ನಂಥ ಹಡಬೆಗಳಿಂದಲೇ ಊರು ನಾರುತ್ತಿರುವುದು, ನಿನ್ನ ಗಂಡನ ಸೊಕ್ಕೆಲ್ಲ ನಿನ್ನ ಮೈಗೆ ಬಂದಿದೆ, ಹುಟ್ಟಿದ್ದೇ ಹೇಲಲ್ಲಿ, ಈಗ ಮೂಗು ಮುರಿಯುತ್ತೀಯಾ ಎಂದು ಬಾಯಿಗೆ ಬಂದಂತೆ ಅಂದ. ಕಡ್ಡಿ ಗುಂಡಿಯ ಮೇಲಿನ ಗುಳ್ಳೆಗಳನ್ನು ನೋಡುತ್ತ ನಿಂತಳು. ಮೈದುನನನ್ನು ಮೇಲೆತ್ತಿದಾಗ ಅವನ ಮೂಗಿನಲ್ಲೂ ಹೀಗೆಯೇ ಗುಳ್ಳೆ ಬಂದಿತ್ತು. ಕಾರ್ಯದರ್ಶಿ ಮೇಸ್ತ್ರಿಯ ಭುಜ ಮುಟ್ಟಿ ಸುಮ್ಮನಾಗಿಸಿದರು. ಇವತ್ತು ಬಲವಂತ ಮಾಡುವಂತಿಲ್ಲ, ಹೊರಗೆ ಗೊತ್ತಾದರೆ ಕಷ್ಟ ಎಂದು ಮೆಲ್ಲಗೆ ಹೇಳಿ, ಇವರದೇ ಪೈಕಿಯ ಒಬ್ಬರಿದ್ದಾರಲ್ಲ, ಅವರನ್ನು ಕರೆಯಿರಿ ಎಂದರು.

ಮೆಂಬರು ಬಂದ. ಬಿಳಿ ಅಂಗಿ, ಮೆರುಗಿನ ಬೂಟು. ಬೇರೆಯವರಂತೆ ಮೂಗು ಮುಚ್ಚಿಕೊಂಡಿರಲಿಲ್ಲ. ಗುಂಡಿಯೊಳಗೆ ಒಮ್ಮೆ ಇಣುಕಿ ನೋಡಿ, ಜಾಲರಿಯಲ್ಲ, ಕೊಳವೆಯ ತಿರುವಿನಲ್ಲಿ ಕಟ್ಟಿದೆ ಎಂದು ತನ್ನಷ್ಟಕ್ಕೇ ಗೊಣಗಿದ. ಆಮೇಲೆ ಮೇಸ್ತ್ರಿಯನ್ನೂ ಕಾರ್ಯದರ್ಶಿಯನ್ನೂ ದೂರ ಕಳಿಸಿ ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಅವನು ಬಹಳ ಹೊತ್ತು ಮಾತನಾಡಿದ. ತಾನೊಬ್ಬ ಎದ್ದು ನಿಲ್ಲದಿದ್ದ ಮಾತ್ರಕ್ಕೆ ಈ ತಿದ್ದುಪಡಿ ನಿಂತುಹೋಗುವುದಿಲ್ಲ. ಪಕ್ಷದವರು ಮುಂದಿನ ಸಲ ಟಿಕೆಟ್ ಕೊಡುವುದಿಲ್ಲ, ಆಗ ಕೇರಿಗೆ ಇರುವ ಒಂದು ಬಾಯಿಯೂ ಹೋಗುತ್ತದೆ. ತಿದ್ದುಪಡಿಯಲ್ಲಿ ಕೈಗವಸು, ಮುಖಕ್ಕೆ ಮುಸುಕು ಕೊಡಬೇಕು ಅಂತ ಸೇರಿಸಲು ಎಷ್ಟು ಬಡಿದಾಡಿದೆ ಗೊತ್ತಾ ಎಂದ. ಅದನ್ನು ಸೇರಿಸಿದರಾ ಎಂದು ಕಡ್ಡಿ ಕೇಳಿದಳು. ಮುಂದೆ ನಿಯಮ ಮಾಡುವಾಗ ನೋಡೋಣ ಅಂದಿದ್ದಾರೆ ಎಂದ.

"ಒಂದು ಮಾತು ಕೇಳ್ತೀನಿ ಭಾವ. ಈಗ ನಾನು ಆಗಲ್ಲ ಅಂದ್ರೆ ತಪ್ಪಾ?"

ಅವನು ಕೈಯಲ್ಲಿದ್ದ ಕಾಗದದ ಸುರುಳಿಯನ್ನು ತಿರುಗಿಸುತ್ತ ಕೂತ. "ಈಗ ತಪ್ಪಲ್ಲ."

"ಯಾವಾಗ ತಪ್ಪಾಗುತ್ತೆ?"

"ಊಟದ ಹೊತ್ತಿಗೆ ವೋಟಿಂಗ್ ಮುಗಿಯುತ್ತೆ. ರಾಷ್ಟ್ರಾಧ್ಯಕ್ಷರು ಸಹಿ ಹಾಕಬೇಕು. ಅವರೂ ಪಕ್ಕದ ಕೋಣೆಯಲ್ಲೇ ಕೂತಿದ್ದಾರೆ."

"ಹಾಗಾದ್ರೆ ಊಟದ ತನಕ ಆಗಲ್ಲ ಅಂತೀನಿ. ಹೋಗಿ ಹೇಳಿ."

ಮೆಂಬರು ಅವಳನ್ನು ಬಿಟ್ಟು ಅತ್ತೆಯ ಕಡೆ ತಿರುಗಿದ. ಧ್ವನಿ ಇಳಿಸಿ, ಚಿಕ್ಕಮ್ಮ, ನಿನ್ನ ಮಗನನ್ನು ಬೆಳಗ್ಗೆ ಎತ್ತಿಕೊಂಡು ಹೋಗಿದ್ದಾರೆ, ಯಾವ ಠಾಣೆಯಲ್ಲಿ ಇಟ್ಟಿದ್ದಾರೆಂದು ನನಗೂ ಹೇಳುತ್ತಿಲ್ಲ, ಈ ಕೆಲಸವೊಂದು ಆಗಿಬಿಟ್ಟರೆ ಸಂಜೆಯೊಳಗೆ ಬಿಡಿಸುತ್ತೇನೆ ಎಂದ. ಅವನು ಮಾತು ಮುಗಿಸುವ ಮೊದಲೇ ಅತ್ತೆ ಎದ್ದಿದ್ದಳು. ಸೀರೆಯನ್ನು ಕಚ್ಚೆ ಹಾಕಿ ಸಿಕ್ಕಿಸಿ, ಮೇಸ್ತ್ರಿ ತಂದು ಹಾಕಿದ್ದ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕತೊಡಗಿದಳು. ಹರೆಯದಲ್ಲಿ ಗಂಡನಿಗೆ, ಆಮೇಲೆ ಮಕ್ಕಳಿಗೆ ಹಗ್ಗ ಕಟ್ಟಿ ಇಳಿಸಿದ ಕೈ ಅದು. ಕಣ್ಣು ಮುಚ್ಚಿಕೊಂಡು ಕಟ್ಟಿದರೂ ಜಾರುವ ಗಂಟಲ್ಲ.

"ಹಿಡ್ಕೊಳ್ಳೇ" ಎಂದಳು ಸೊಸೆಗೆ. "ಎರಡು ಸಲ ಜಗ್ಗಿದ್ರೆ ಎಳಿ."

ಕಡ್ಡಿ ಹಗ್ಗ ಹಿಡಿಯಲಿಲ್ಲ. ಅತ್ತೆಯ ಮುಂದೆ ಕೂತು ಆ ಗಂಟನ್ನು ಉಗುರಿನಿಂದ ಕಿತ್ತು ಬಿಚ್ಚಿದಳು. ಅತ್ತೆ ಅವಳ ತಲೆಯ ಮೇಲೆ ಹೊಡೆದಳು, ಬಿಡೇ, ನನ್ನ ಮಗ, ನನ್ನ ಮಗ ಎಂದು ಕೂದಲು ಹಿಡಿದು ಜಗ್ಗಿದಳು. ಹೊಡೆಸಿಕೊಳ್ಳುತ್ತಲೇ ಬಿಚ್ಚಿದಳು. ಬಿಚ್ಚಿದ ತುದಿಯನ್ನು ಮೆಂಬರನ ಮುಂದೆ ಹಿಡಿದಳು.

"ತಿರುವಿನಲ್ಲಿ ಕಟ್ಟಿದೆ ಅಂತ ನೀವೇ ಕಂಡುಹಿಡಿದ್ರಿ. ನಿಮಗೆ ಕೆಲಸ ಮರೆತಿಲ್ಲ. ನೀವೇ ಇಳೀರಿ ಭಾವ. ನಾನು ಹಗ್ಗ ಬಿಡಲ್ಲ, ಆಣೆ."

ಅವಳು ಅಣಕಿಸುತ್ತಿರಲಿಲ್ಲ. ಅವನು ಇಳಿದಿದ್ದರೆ ನಿಜವಾಗಿಯೂ ಪ್ರಾಣ ಹೋದರೂ ಹಗ್ಗ ಬಿಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಾಯಿತು. ಅವನ ಕೈ ಹಗ್ಗದ ಕಡೆ ಒಂದು ಗೇಣು ಮುಂದೆ ಬಂತು. ಅಷ್ಟರಲ್ಲಿ ಗಂಟೆ ಮೊಳಗಿತು. ಮತಕ್ಕೆ ಕರೆಯುವ ಗಂಟೆ, ಉದ್ದಕ್ಕೆ, ಬಿಡದೆ. ಮೂಗು ಮುಚ್ಚಿಕೊಂಡೇ ಕೂತು ಮುಗಿಸಿಬಿಡೋಣ ಎಂದು ಒಳಗಿನವರು ತೀರ್ಮಾನಿಸಿದ್ದರು. ಮೆಂಬರು ಎದ್ದು, ಬೂಟಿಗೆ ತಗಲಿದ್ದ ಕೆಸರನ್ನು ಕಲ್ಲಿಗೆ ಒರೆಸಿಕೊಂಡು ಹೋದ. ಕಾರ್ಯದರ್ಶಿಯೂ ಮೇಸ್ತ್ರಿಯೂ ಅವನ ಹಿಂದೆ ಹೋದರು. ಸಭೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಅತ್ತೆ ಗುಂಡಿಯ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಕಡ್ಡಿ ಅವಳ ಹತ್ತಿರ ಹೋಗಲಿಲ್ಲ. ಬಕೆಟ್ಟು ಪೊರಕೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಕಾವಲಿನವರು ನೋಡಿಯೂ ನೋಡಲಿಲ್ಲ. ಪೊರಕೆ ಹಿಡಿದು ಹೋಗುವವಳನ್ನು ಅಲ್ಲಿ ಯಾರೂ ಯಾವತ್ತೂ ನೋಡಿದವರಲ್ಲ. ಎಲ್ಲಕ್ಕಿಂತ ಮೇಲಿನ ಮಹಡಿಯ ಪಾಯಿಖಾನೆಗೆ ಹೋಗಿ ಇದ್ದ ನಲ್ಲಿಗಳನ್ನೆಲ್ಲ ತಿರುಗಿಸಿಬಿಟ್ಟಳು. ತೊಟ್ಟಿಗಳ ಸರಪಳಿ ಎಳೆದು ಸಿಕ್ಕಿಸಿದಳು. ಅದರ ಕೆಳಗಿನ ಮಹಡಿ, ಅದರ ಕೆಳಗಿನದು. ನೀರು ಗೋಡೆಗಳೊಳಗಿನ ಕೊಳವೆಗಳಲ್ಲಿ ಧೋ ಎಂದು ಇಳಿಯುವ ಸದ್ದು ಅವಳಿಗೆ ಅಂಗಾಲಿನಲ್ಲಿ ಗೊತ್ತಾಗುತ್ತಿತ್ತು. ಗುಂಡಿ ಮೊದಲೇ ತುಂಬಿದೆ. ಇಳಿದಿದ್ದೆಲ್ಲ ನೆಲಮಟ್ಟದ ಬಾಯಿಗಳಿಂದಲೇ ಹೊರಗೆ ಬರಬೇಕು. ಹೆದರಿಕೆಯಿಂದ ಅವಳ ಬಾಯಿ ಒಣಗಿತ್ತು. ಒಂದು ನಲ್ಲಿಯಲ್ಲೂ ಒಂದು ಗುಟುಕು ಕುಡಿಯಲಿಲ್ಲ.

ಕೆಳಗೆ ಬಂದಾಗ ಮೊಗಸಾಲೆಯಲ್ಲಿ ಪಾದ ಮುಳುಗುತ್ತಿತ್ತು. ಜಮಖಾನ ತೇಲುತ್ತಿತ್ತು. ಸಭೆಯ ಬಾಗಿಲಿನ ಗಾಜಿಗೆ ಮುಖವಿಟ್ಟು ನೋಡಿದಳು. ಬಾಗಿಲ ಸಂದಿನಿಂದ ಕಪ್ಪುನೀರು ಒಳಗೆ ಹೋಗಿ ಇಳಿಜಾರಿನಲ್ಲಿ ಮುಂದಿನ ಸಾಲಿನತನಕ ಹಬ್ಬಿತ್ತು. ಸದಸ್ಯರು ಕಾಲು ಮೇಲೆ ಎಳೆದುಕೊಳ್ಳುತ್ತಿದ್ದರು, ಕೆಲವರು ಮೇಜು ಹತ್ತಿದ್ದರು, ಒಬ್ಬರು ವಾಂತಿ ಮಾಡುತ್ತಿದ್ದರು. ಇನ್ನು ಎದ್ದು ಓಡುತ್ತಾರೆ ಎಂದುಕೊಂಡಳು. ಬಾಗಿಲು ತೆಗೆಯುತ್ತಾರೆ, ಆಗ ನಾವೂ ಹೋಗಬಹುದು.

ಎತ್ತರದ ಪೀಠದಲ್ಲಿ ಕಾಲು ಒದ್ದೆಯಾಗದೆ ಕೂತಿದ್ದ ಸಭಾಧ್ಯಕ್ಷರು, ಪರವಾಗಿರುವವರು ಎದ್ದು ನಿಲ್ಲಿ ಎಂದರು. ಯಾರೂ ಓಡಲಿಲ್ಲ. ಎದ್ದು ನಿಂತರು. ಕುರ್ಚಿಯ ಮೇಲೆ ಹತ್ತಿ ನಿಂತರು, ಮೇಜಿನ ಮೇಲೆ ನಿಂತರು, ಬೀಳದಂತೆ ಒಬ್ಬರ ಹೆಗಲು ಒಬ್ಬರು ಹಿಡಿದು ನಿಂತರು. ಸಿಬ್ಬಂದಿಯವರು ಆ ನೀರಿನಲ್ಲೇ ನಡೆದಾಡಿ ತಲೆ ಎಣಿಸಿದರು. ಮೆಂಬರು ಕುರ್ಚಿ ಹತ್ತಿರಲಿಲ್ಲ. ಪ್ಯಾಂಟು ನೆನೆಯುತ್ತಿದ್ದರೂ ಅದು ತನಗೆ ಹೊಸದಲ್ಲವೆಂಬಂತೆ ನೆಲದ ಮೇಲೆಯೇ ನಿಂತಿದ್ದ. ಕಣ್ಣು ಕಾಲಿನ ಕಡೆಗಿತ್ತು. ಅವನ ತಲೆಯನ್ನೂ ಎಣಿಸಿಕೊಂಡು ಹೋದರು.

ಕಡ್ಡಿ ಒಳಂಗಳಕ್ಕೆ ಬರುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಎಲ್ಲ ಮುಗಿದಿತ್ತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು, ಅಂಗೀಕಾರವಾಗಿದೆ ಎಂದಿತು. ಮೇಜು ಗುದ್ದುವ ಸದ್ದು ಬಹಳ ಹೊತ್ತು ಕೇಳಿಸಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕೂತಿದ್ದಳು. ಅಂಗಳದಲ್ಲೂ ನೀರು ಏರುತ್ತಿರುವುದನ್ನೂ ಸೊಸೆಯ ಒದ್ದೆ ತೋಳುಗಳನ್ನೂ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಮೇಲೆ ನೀರು ಬಿಟ್ಟು ಬಂದ್ಯಾ?"

"ಹೂಂ."

"ನಾಳೆ ಅದನ್ನೆಲ್ಲ ಬಳಿಯೋರು ಯಾರೇ? ನಾವೇ ತಾನೇ?"

"ನಾವೇ ಅತ್ತೆ. ಇವತ್ತೊಂದು ಗಳಿಗೆ ಅವರೂ ಅದರಲ್ಲಿ ನಿಲ್ಲಲಿ ಅಂತ."

"ನಿಂತ್ರಾ?"

"ನಿಂತ್ರು. ನಿಂತೇ ಪಾಸು ಮಾಡಿದ್ರು."

ಅತ್ತೆ ಕೈ ನೀಡಿ ಹಗ್ಗ ಎಳೆದುಕೊಂಡು ತುದಿಯನ್ನು ಮತ್ತೆ ಸೊಂಟಕ್ಕೆ ಸುತ್ತಿಕೊಂಡಳು. ಕಡ್ಡಿ ಬೇಡ ಅತ್ತೆ ಎಂದು ಕೈ ಹಿಡಿಯಲು ಹೋದಳು. ಅತ್ತೆ ಆ ಕೈಯನ್ನು ಪಕ್ಕಕ್ಕೆ ತಳ್ಳಿ, ತನ್ನ ಗಂಟು ಬಿಗಿದು, ಉಳಿದ ಹಗ್ಗವನ್ನು ಸೊಸೆಯ ಸೊಂಟಕ್ಕೆ ತಂದು ಸುತ್ತಿದಳು. ಅಲ್ಲೊಂದು ಗಂಟು. ಕೆಮ್ಮಿನಕ್ಕನಿಗೆ ಬಾ ಎಂದು ಕಣ್ಣಲ್ಲೇ ಕರೆದಳು. ಅವಳಿಗೊಂದು ಗಂಟು. ಹೊಸಬಳು ಹಿಂದೆ ಸರಿದು ಗೋಡೆಗೆ ಆತುಕೊಂಡಿದ್ದಳು. ಬಾಗಿಲ ಕಡೆ ನೋಡಿದಳು, ಗುಂಡಿಯ ಕಡೆ ನೋಡಿದಳು, ಕೊನೆಗೆ ತಾನೇ ಬಂದು ನಿಂತಳು.

"ಒಬ್ಬೊಬ್ಬರನ್ನೇ ಆದ್ರೆ ಇಳಿಸಿಬಿಡ್ತಾರೆ" ಎಂದಳು ಅತ್ತೆ. "ಆ ಬಾಯಲ್ಲಿ ನಾಲ್ಕು ಜನ ಹಿಡಿಯಲ್ಲ."

ಮೇಸ್ತ್ರಿ ಪೊಲೀಸರನ್ನು ಕರೆದುಕೊಂಡು ಬಂದ. ಜೊತೆಗೆ ಕಾರ್ಯದರ್ಶಿ ಬಂದಿರಲಿಲ್ಲ, ಅವರ ಅಗತ್ಯವೂ ಇನ್ನಿರಲಿಲ್ಲ. ನಾಲ್ವರೂ ಬೆನ್ನಿಗೆ ಬೆನ್ನು ಹಚ್ಚಿ ಗುಂಡಿಯ ಪಕ್ಕದಲ್ಲಿ ನೀರೊಳಗೇ ಕೂತಿದ್ದರು. ಸಹಿ ಬಿತ್ತು, ಇನ್ನು ನಿಮ್ಮಾಟ ಮುಗೀತು ಎಂದು ಮೇಸ್ತ್ರಿ ಒಬ್ಬೊಬ್ಬರ ಹೆಸರು ಹಿಡಿದು ಬೈದ. ಒಬ್ಬ ಪೊಲೀಸ್ ಕಡ್ಡಿಯ ರಟ್ಟೆ ಹಿಡಿದು ಎಳೆದಾಗ ನಾಲ್ವರೂ ಒಟ್ಟಿಗೆ ಅಲುಗಿ, ಮತ್ತೆ ಇದ್ದಲ್ಲೇ ಕೂತರು. ಇನ್ನೊಬ್ಬ ಬಗ್ಗಿ ಗಂಟು ಬಿಚ್ಚಲು ನೋಡಿದ. ನೆನೆದ ಹಗ್ಗ ಉಬ್ಬಿ ಕಲ್ಲಿನಂತಾಗಿತ್ತು. ಕೊನೆಗೆ ಅವರ ದೊಡ್ಡವನು, ಅಡುಗೆಮನೆಯಿಂದ ಒಂದು ಚಾಕು ತೆಗೆದುಕೊಂಡು ಬಾ ಎಂದು ಒಬ್ಬನನ್ನು ಕಳಿಸಿದ.

ಧ್ವನಿವರ್ಧಕದಲ್ಲಿ ಸಭಾಧ್ಯಕ್ಷರು ಮುಂದಿನ ವಿಷಯ ಎನ್ನುತ್ತಿದ್ದರು. ನೀರು ಕೂತವರ ಸೊಂಟದ ಹತ್ತಿರ ಬಂದಿತ್ತು. ಹೊಸಬಳಿಗೆ ನಡುಕ ಹತ್ತಿತ್ತು, ಅವಳ ನಡುಕ ಹಗ್ಗದಗುಂಟ ನಾಲ್ವರಿಗೂ ತಿಳಿಯುತ್ತಿತ್ತು. ಕಡ್ಡಿ ಹಿಂದಕ್ಕೆ ಕೈ ಚಾಚಿ ಅವಳ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಳು. ಮೊಗಸಾಲೆಯ ಕಡೆಯಿಂದ ನೀರಿನಲ್ಲಿ ಪಚಪಚ ಎಂದು ಬರುವ ಬೂಟಿನ ಸದ್ದು ಕೇಳಿಸಿತು. ಮೇಸ್ತ್ರಿ ಆ ಕಡೆ ತಿರುಗಿ, ಚಾಕು ಬೇಗ ತಾರೋ ಎಂದ.